ಅಜ್ಜನ ಗ್ಯಾಸ್‌ಲೈಟ್ ಬಿಚ್ಚಿ ಜೋಡಿಸಿದ ಲೆಕ್ಕ

ಅಟ್ಟದಿಂದ ಇಳಿಸುವಾಗ ಅದರ ಭಾರ ನೋಡಿ ಒಳಗೆ ಎಣ್ಣೆ ಇದೆ ಅಂದುಕೊಂಡೆ. ಅಲ್ಲಾಡಿಸಿದೆ, ಸದ್ದಿಲ್ಲ. ಮುಚ್ಚಳ ತಿರುಗಿಸಿ ಮೂಸಿದೆ. ಹಳೇ ವಾರ್ನಿಷ್‌ನಂಥ ವಾಸನೆ. ಮೇಲಿನ ಟೊಪ್ಪಿ ತೆಗೆದರೆ ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ, ಮರಿ ಮಾಡಿ, ಬಿಟ್ಟೂ ಹೋಗಿತ್ತು. ಗಾಜು ನಾಲ್ಕು ತುಂಡು. ಪಂಪಿನ ಹಿಡಿ ಅಲುಗಾಡುವುದಿಲ್ಲ.

ಇದು ನಮ್ಮ ಅಜ್ಜನ ಗ್ಯಾಸ್‌ಲೈಟ್. ಪೇಟೆಯವರು ಪೆಟ್ರೋಮ್ಯಾಕ್ಸ್ ಅನ್ನಬಹುದು. ನಮ್ಮ ಕಡೆ, ಅಂದರೆ ಉಡುಪಿಯ ಶಿರ್ವ, ಶಂಕರಪುರದ ಸುತ್ತಮುತ್ತ, ಗ್ಯಾಸ್‌ಲೈಟ್ ಅಂದರೇ ಅರ್ಥ ಆಗುವುದು. ಚಿಮಿಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಉರಿಯುವ ದೀಪಕ್ಕೆ ಇದೆಂಥ ಹೆಸರು ಅಂತ ಚಿಕ್ಕಂದಿನಲ್ಲಿ ನಗುತ್ತಿದ್ದೆ. ಬಿಚ್ಚಿದ ಮೇಲೆ ಗೊತ್ತಾಯ್ತು, ಹೆಸರೇ ಸರಿ. ಟ್ಯಾಂಕಿನ ಗಾಳಿ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ. ಬಿಸಿ ಕೊಳವೆಯಲ್ಲಿ ಅದು ಆವಿಯಾಗುತ್ತದೆ. ಆ ಆವಿ ಕೂದಲೆಳೆಯಷ್ಟು ತೂತಿನಿಂದ ಚಿಮ್ಮಿ, ಗಾಳಿ ಬೆರೆಸಿಕೊಂಡು, ಬಲೆಯಂಥ ಬಟ್ಟೆಯ ಚೀಲದಲ್ಲಿ, ಅಂದರೆ ಮ್ಯಾಂಟಲ್‌ನಲ್ಲಿ ಉರಿಯುತ್ತದೆ. ಉರಿಯುವುದು ಗ್ಯಾಸೇ. ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ ಎಂಬಾತ 1910ರ ಹೊತ್ತಿಗೆ ಇದನ್ನು ಮಾಡಿ, ಪೆಟ್ರೋಲಿಯಂನ ‘ಪೆಟ್ರೋ’ ಜೊತೆ ತನ್ನ ‘ಮ್ಯಾಕ್ಸ್’ ಅಂಟಿಸಿ ಹೆಸರಿಟ್ಟ. ನಮ್ಮದು ಜರ್ಮನಿಯದ್ದಲ್ಲ, ಅದರ ನಕಲು. ಕಂಪನಿಯ ಗುರುತು ಉಜ್ಜಿ ಉಜ್ಜಿ ಅಳಿಸಿಹೋಗಿದೆ.

ಅಜ್ಜ ತೀರಿಕೊಂಡದ್ದು 2003ರಲ್ಲಿ. ಅದಾದ ಮೇಲೆ ಯಾರೂ ಇದನ್ನು ಉರಿಸಿಲ್ಲ. ಈಗ ಹಳೇ ಮನೆಯಲ್ಲಿರುವುದು ದೊಡ್ಡತ್ತೆ ಒಬ್ಬರೇ. ಅಪ್ಪನ ಅಕ್ಕ, 78 ವರ್ಷ, ಮದುವೆಯಾಗಿಲ್ಲ. ನವೆಂಬರಿನಲ್ಲಿ ಹೋದಾಗ ಹೇಳಿದರು: “ಕ್ರಿಸ್ಮಸ್ ರಾತ್ರಿ ಒಮ್ಮೆ ಆ ಗ್ಯಾಸ್‌ಲೈಟ್ ಉರಿಸ್ಲಿಕ್ಕೆ ಆಗ್ತದಾ ನೋಡು. ಆಗದಿದ್ರೆ ಗುಜರಿಗೆ ಕೊಡು. ಅಟ್ಟದಲ್ಲಿ ಸುಮ್ನೆ ಜಾಗ ತಿನ್ನುವುದು ಬೇಡ.” ಆಮೇಲಿನ ಐದು ವಾರಾಂತ್ಯಗಳ ಲೆಕ್ಕ ಇದು.

ಬಿಚ್ಚುವುದು

ಮೊದಲ ಶನಿವಾರ ಪೂರ್ತಿ ಬಿಚ್ಚುವುದರಲ್ಲೇ ಹೋಯ್ತು. ಇಪ್ಪತ್ತು ವರ್ಷ ಕೂತ ಹಿತ್ತಾಳೆಯ ಮರೆಗಳು, ಅಂದರೆ ಸ್ಕ್ರೂವಿನ ಸುತ್ತುಗಳು, ಸುಲಭಕ್ಕೆ ಬಿಡುವುದಿಲ್ಲ. ಒತ್ತಾಯ ಮಾಡಿದರೆ ಮರೆ ಕೊರೆದು ಹೋಗುತ್ತದೆ, ಆಮೇಲೆ ಅಷ್ಟೇ. ಒಂದೊಂದು ಜೋಡಣೆಗೂ ಡೀಸೆಲ್ ಬಿಟ್ಟು, ಅರ್ಧ ಗಂಟೆ ಕಾದು, ಇಕ್ಕುಳದ ಬಾಯಿಗೆ ಹಳೇ ಲುಂಗಿಯ ತುಂಡು ಸುತ್ತಿ ತಿರುಗಿಸಿದೆ. ಬಟ್ಟೆ ಇಲ್ಲದೆ ಹಿಡಿದರೆ ಹಲ್ಲಿನ ಗುರುತು ಬೀಳುತ್ತದೆ.

ಗುರುತುಗಳು ಆಗಲೇ ಇದ್ದವು, ಬೇರೆ ವಿಷಯ. ಎಲ್ಲ ನಟ್ಟುಗಳ ಮೂಲೆಗಳೂ ಒಂದೇ ಕಡೆಗೆ ಸವೆದಿವೆ. ಅಜ್ಜನ ಹತ್ತಿರ ಸ್ಪ್ಯಾನರ್ ಇದ್ದದ್ದು ಒಂದೇ, ಸೈಕಲ್ಲಿನದ್ದು. ಅದು ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಎಲ್ಲದಕ್ಕೂ ಅದೇ.

ಟ್ಯಾಂಕ್ ಕವುಚಿ ಹಾಕಿದಾಗ ಅಡಿಯಲ್ಲಿ ಮೊಳೆಯಿಂದ ಚುಕ್ಕಿ ಚುಕ್ಕಿ ಹೊಡೆದ ಗುರುತು ಕಾಣಿಸಿತು. ಒಂದು ಶಿಲುಬೆ, ಅದರ ಕೆಳಗೆ 62. ಶಿಲುಬೆ ನೋಡಿ ನಗು ಬಂತು. ಅಜ್ಜ ಶಿಲುಬೆ ಹಾಕದ ವಸ್ತು ಈ ಮನೆಯಲ್ಲಿಲ್ಲ. ನೇಗಿಲಿನ ಮೇಲಿದೆ, ಸೇರಿನ ಮೇಲಿದೆ, ಹಲಸಿನ ಮರದ ಪೆಟ್ಟಿಗೆಯ ಮೇಲಿದೆ. ದೊಡ್ಡತ್ತೆ ಹೇಳುವ ಪ್ರಕಾರ ಅದರಲ್ಲಿ ಭಕ್ತಿ ಅರ್ಧ, ಕಳ್ಳರ ಹೆದರಿಕೆ ಅರ್ಧ. ಅಕ್ಷರ ಬರೆಯಲು ಅಜ್ಜನಿಗೆ ಅಷ್ಟು ಬರುತ್ತಿರಲಿಲ್ಲ. ಶಿಲುಬೆ ಹೊಡೆಯಲು ಎರಡು ಗೆರೆ ಸಾಕಲ್ವಾ.

1962ರ ಬೇಸಿಗೆಯಿಡೀ ಕೆಂಪುಕಲ್ಲು ಕಡಿಯಲು ಹೋಗಿ, ಆ ದುಡ್ಡಿನಲ್ಲಿ ಉಡುಪಿಯಿಂದ ತಂದದ್ದಂತೆ. ತಲೆಯ ಮೇಲೆ ಹೊತ್ತುಕೊಂಡು. ಬಸ್ಸಿನಲ್ಲಿ ಗಾಜು ಒಡೆದೀತು ಅಂತ ನಡೆದೇ ಬಂದರಂತೆ. ಅದಕ್ಕೆ ಮುಂಚೆ ಕ್ರಿಸ್ಮಸ್ಸಿನ ನಡುರಾತ್ರಿಯ ಪೂಜೆಗೆ ಹೋಗುವುದು ಸೂಡಿ ಹಚ್ಚಿಕೊಂಡು. ತೆಂಗಿನ ಗರಿಯ ಸೂಡಿ ಬೀಸುತ್ತಾ, ಬೈಲಿನ ಪುಣಿಯಲ್ಲಿ (ಗದ್ದೆಯ ಬದುವಿನಲ್ಲಿ) ಸಾಲಾಗಿ, ತೋಡಿನ ಮೇಲೆ ಎರಡು ಅಡಿಕೆ ಮರ ಹಾಕಿದ ಸಂಕ ದಾಟಿ. ಒಂದು ವರ್ಷ ಅಜ್ಜಿ ಕೈಗೂಸಿನ ಸಮೇತ ಸಂಕದಿಂದ ಜಾರಿದರು. ನೀರು ಮೊಣಕಾಲಿನಷ್ಟೇ ಇತ್ತು. ಏನೂ ಆಗಲಿಲ್ಲ. ಕೈಗೂಸು ದೊಡ್ಡತ್ತೆಯ ತಮ್ಮ, ಅಂದರೆ ನನ್ನ ಅಪ್ಪ. ಮುಂದಿನ ಬೇಸಿಗೆಗೆ ಅಜ್ಜ ಕಲ್ಲು ಕಡಿಯಲು ಹೊರಟರು.

ಟ್ಯಾಂಕ್

ಒಳಗೆ ಎಣ್ಣೆ ಒಣಗಿ ಜೇನಿನ ಬಣ್ಣದ ಗೋಂದಾಗಿತ್ತು. ಬಾಯಿ ಚಿಕ್ಕದು, ಕೈ ಹೋಗುವುದಿಲ್ಲ, ಬ್ರಷ್ ಮೂಲೆ ಮುಟ್ಟುವುದಿಲ್ಲ. ಇದಕ್ಕೊಂದು ಹಳೇ ಉಪಾಯವಿದೆ: ಸ್ವಲ್ಪ ಎಣ್ಣೆ ಹಾಕಿ, ಒಂದು ಹಿಡಿ ಗಟ್ಟಿ ಕಾಳು ಹಾಕಿ, ಮುಚ್ಚಳ ಬಿಗಿದು ಕುಲುಕುವುದು. ಸಣ್ಣ ಜಲ್ಲಿ ಹಾಕಿದರೆ ಹಿತ್ತಾಳೆ ಗೀರುತ್ತದೆ. ನಾನು ಅಡುಗೆಮನೆಗೆ ಹೋಗಿ ಒಂದು ಹಿಡಿ ಕುಚ್ಚಲಕ್ಕಿ ತಂದೆ.

ದೊಡ್ಡತ್ತೆ ನೋಡಿದರು. ಏನೂ ಹೇಳಲಿಲ್ಲ. ಹತ್ತು ನಿಮಿಷ ಕುಲುಕಿ ಸುರಿದೆ. ಗೋಂದು ತುಂಡು ತುಂಡಾಗಿ ಬಂತು, ಅಕ್ಕಿ ಕಪ್ಪಾಗಿ ಬಂತು. ಎರಡನೇ ಹಿಡಿಗೆ ಹೋದಾಗ ಡಬ್ಬಿ ಅಲ್ಲಿರಲಿಲ್ಲ. “ಮೆಂತೆ ಹಾಕು, ಹುರುಳಿ ಹಾಕು, ಏನು ಬೇಕಾದ್ರೂ ಹಾಕು. ಅಕ್ಕಿ ಹಾಕಿದ್ರೆ ನಿನ್ನ ಅಜ್ಜ ಎದ್ದು ಬರ್ತಾರೆ” ಅಂದರು. ತಮಾಷೆ ಅಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅಕ್ಕಿಯ ವಿಷಯ ಸ್ವಲ್ಪ ಹೇಳಬೇಕು. 1974ರವರೆಗೆ ಅಜ್ಜ ಗೇಣಿ ಒಕ್ಕಲು. ಏಣಿಲು, ಸುಗ್ಗಿ ಎರಡು ಬೆಳೆ ತೆಗೆದು, ಅದರಲ್ಲಿ ಧಣಿಗಳ ಪಾಲು ಮುಡಿ ಕಟ್ಟಿ ಕೊಡಬೇಕು. ಮುಡಿ ಅಂದರೆ ಬೈಹುಲ್ಲು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ಹಗ್ಗದಲ್ಲಿ ಚೆಂಡಿನ ಹಾಗೆ ಉರುಟಾಗಿ ಬಿಗಿಯುವುದು. ಒಂದು ಮುಡಿಗೆ 42 ಸೇರು. ಸರಿಯಾಗಿ ಕಟ್ಟಿದ ಮುಡಿಯನ್ನು ಮಾಡಿನಿಂದ ಉರುಳಿಸಿದರೂ ಒಂದು ಕಾಳು ಹೊರಗೆ ಬರಬಾರದು. ಅಜ್ಜ ಊರಲ್ಲಿ ಮುಡಿ ಕಟ್ಟುವುದಕ್ಕೆ ಹೆಸರಾಗಿದ್ದರು. ಅವರು ಕಟ್ಟಿದ ಚಂದದ ಮುಡಿಗಳೆಲ್ಲ ಹೋಗುತ್ತಿದ್ದದ್ದು ಧಣಿಗಳ ಮನೆಗೆ. ಮನೆಯವರಿಗೆ ಮಳೆಗಾಲದ ಕೊನೆಗೆ ಗಂಜಿಯ ತಿಳಿ ಜಾಸ್ತಿ, ಅಗುಳು ಕಡಿಮೆ. ಅಂಗಳದಲ್ಲಿ ಬಿದ್ದ ಕಾಳನ್ನು ಕೋಳಿಗೂ ಬಿಡದೆ ಹೆಕ್ಕುತ್ತಿದ್ದರು.

ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರದ್ದು, ಉಳುವವನು ಅರ್ಜಿ ಹಾಕಿದರೆ ಅವನದ್ದು. ಫಾರ್ಮ್ ನಂಬ್ರ 7. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಶನ್ ಕೊಡುವುದು’ ಅಂತಲೇ ಹೆಸರು. ಅಜ್ಜ ಕೊಡಲೋ ಬೇಡವೋ ಅಂತ ತಿಂಗಳುಗಟ್ಟಲೆ ಒದ್ದಾಡಿದರಂತೆ. ಧಣಿಗಳ ಉಪ್ಪು ತಿಂದು ಹೀಗೆ ಅರ್ಜಿ ಹಾಕಿದರೆ ಪಾಪ ಆಗುತ್ತದಾ ಅಂತ ಪಾಪನಿವೇದನೆಯಲ್ಲಿ ಪಾದ್ರಿಗಳ ಹತ್ತಿರ ಕೇಳಿದರಂತೆ. ಅವರು ಏನು ಹೇಳಿದರು ಅಂತ ಗೊತ್ತಾಗುವ ಹಾಗಿಲ್ಲ, ಅದು ಪಾಪನಿವೇದನೆ. ಆದರೆ ಮಾರನೇ ದಿನ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಯಲ್ಲಿ ತೀರ್ಮಾನವಾಗಿ 1 ಎಕರೆ 70 ಸೆಂಟ್ಸ್ ಅವರದ್ದಾದ ದಿನ, ಹಬ್ಬ ಅಲ್ಲದಿದ್ದರೂ ಈ ಗ್ಯಾಸ್‌ಲೈಟ್ ಉರಿಯಿತು. ದೊಡ್ಡತ್ತೆಗೆ ನೆನಪಿರುವ ಹಾಗೆ, ಹಬ್ಬವಿಲ್ಲದೆ ಮನೆಯವರಿಗಾಗಿ ಉರಿದದ್ದು ಅದೊಂದೇ ಸಲ.

ಎರಡನೇ ಸುತ್ತು ಹುರುಳಿ ಹಾಕಿದೆ. ಅಕ್ಕಿಗಿಂತ ಅದೇ ಒಳ್ಳೆಯದು, ಉರುಟು ಇರುವುದರಿಂದ ಮೂಲೆಗೆ ಉರುಳುತ್ತದೆ. ಮೂರು ಸಲ ತೊಳೆದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಹಿತ್ತಾಳೆ ಹೊಳೆಯಿತು. ಟ್ಯಾಂಕಿಗೆ ನೀರು ತುಂಬಿಸಿ ಒಂದು ರಾತ್ರಿ ಇಟ್ಟೆ. ಎಲ್ಲೂ ಸೋರಲಿಲ್ಲ. ಸೋರಿದ್ದರೆ ಬೆಸುಗೆ ಹಾಕಬೇಕಿತ್ತು. ಹಾಕುವವರಿಗೆ ಒಂದು ಮಾತು: ಎಣ್ಣೆ ಇದ್ದ ಟ್ಯಾಂಕನ್ನು ಬರಿದಾಗಿ ಬೆಂಕಿಗೆ ಹಿಡಿಯಬೇಡಿ, ಒಳಗಿನ ಆವಿ ಸಿಡಿಯುತ್ತದೆ. ಬೆಸುಗೆಯ ಜಾಗ ಬಿಟ್ಟು ಉಳಿದದ್ದಕ್ಕೆ ನೀರು ತುಂಬಿಸಿ.

ಹೊರಮೈಗೆ ಹಿತ್ತಲಿನ ಬಿಂಬುಳಿ ಎಂಬ ಹುಳಿಕಾಯಿ ಹಿಂಡಿ ಉಜ್ಜಿದೆ. ಹಿತ್ತಾಳೆಗೆ ಅದರ ಮುಂದೆ ಪಾಲಿಶ್ ಡಬ್ಬಿ ಏನೂ ಅಲ್ಲ. ನಿಕ್ಕಲ್ ಲೇಪ ಉಳಿದಿರುವ ಕಡೆ ಜೋರಾಗಿ ಉಜ್ಜಲಿಲ್ಲ. ಅಡಿಯ ಶಿಲುಬೆಯ ಹತ್ತಿರ ಕೈ ಹಾಕಲೇ ಇಲ್ಲ.

ಪಂಪು

ಇದರಲ್ಲೇ ನನ್ನ ಎರಡು ವಾರ ಹೋಯ್ತು. ಇಲ್ಲೇ ಅಜ್ಜ ಸಿಕ್ಕಿದ್ದೂ.

ಪಂಪಿನ ಒಳಗೆ ಬಟ್ಟಲಿನಂಥ ಒಂದು ಚರ್ಮದ ವಾಷರ್ ಇರುತ್ತದೆ. ಹಿಡಿ ಒತ್ತಿದಾಗ ಅದರ ಅಂಚು ಹಿಗ್ಗಿ ಕೊಳವೆಗೆ ಕೂತು ಗಾಳಿಯನ್ನು ತಳ್ಳುತ್ತದೆ. ಎಳೆದಾಗ ಸಡಿಲವಾಗಿ ಪಕ್ಕದಿಂದ ಗಾಳಿ ಬಿಡುತ್ತದೆ. ಅದು ಒಣಗಿದರೆ ಪಂಪು ಸತ್ತ ಹಾಗೆ. ಉಡುಪಿಯಲ್ಲಿ ಸ್ಟವ್ ರಿಪೇರಿಯ ಒಂದು ಹಳೇ ಅಂಗಡಿಯಲ್ಲಿ ಹೊಸ ವಾಷರ್ ಮೊದಲೇ ತಂದಿಟ್ಟುಕೊಂಡಿದ್ದೆ. ನಲವತ್ತು ರೂಪಾಯಿ.

ಹಿಡಿಯನ್ನು ತಿರುಗಿಸಿ ತಿರುಗಿಸಿ ಎಳೆದಾಗ ಹಳೇ ವಾಷರ್ ಹೊರಗೆ ಬಂತು. ಅಂಗಡಿಯದ್ದಲ್ಲ, ನೋಡಿದರೇ ಗೊತ್ತಾಗುತ್ತಿತ್ತು. ದಪ್ಪ ಜಾಸ್ತಿ. ಅಂಚನ್ನು ಚೂರಿಯಿಂದ ಕೆತ್ತಿ ತೆಳ್ಳಗೆ ಮಾಡಿದ ಗುರುತಿದೆ. ಒಂದು ಕಡೆ ಅರ್ಧಚಂದ್ರದಂತೆ ಹೊಲಿಗೆಯ ತೂತಿನ ಮೂರು ಗುರುತು. ಕೈಯಲ್ಲಿ ಹಿಡಿದು ದೊಡ್ಡತ್ತೆಗೆ ತೋರಿಸಿದೆ.

“ಇದು ಬೊಳ್ಳನ ಕುತ್ತಿಗೆ ಪಟ್ಟಿ” ಅಂದರು.

ಬೊಳ್ಳ, ಕಾಳ ನಮ್ಮ ಮನೆಯ ಕೊನೆಯ ಜೋಡಿ ಎತ್ತುಗಳು. ನಾನು ನೋಡಿಲ್ಲ. ಬಾಡಿಗೆ ಟಿಲ್ಲರ್ ಬಂದ ವರ್ಷ ಅಜ್ಜ ಅವನ್ನು ಮಾರಿದರು. ಹಗ್ಗ, ನೊಗ ಎಲ್ಲ ಕೊಂಡವನಿಗೆ ಕೊಟ್ಟರು. ಬೊಳ್ಳನ ಕುತ್ತಿಗೆಯ ಗೆಜ್ಜೆಪಟ್ಟಿ ಮಾತ್ರ ಬಿಚ್ಚಿ ಇಟ್ಟುಕೊಂಡರಂತೆ. ನೆನಪಿಗೆ ಇಟ್ಟದ್ದು ಅಂತ ಮನೆಯವರೆಲ್ಲ ಭಾವಿಸಿದ್ದರು. ಅಜ್ಜ ಚರ್ಮ ಒಳ್ಳೆಯದಿದೆ ಅಂತ ಇಟ್ಟದ್ದೋ ಏನೋ. ಎರಡೂ ಇರಬಹುದು.

ಆ ಎತ್ತುಗಳ ಬಗ್ಗೆ ದೊಡ್ಡತ್ತೆ ಹೇಳುವ ಕತೆ ಒಂದಿದೆ. ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಕತ್ತಲಾಗುವಾಗ ಇಗರ್ಜಿಯ, ಅಂದರೆ ಚರ್ಚಿನ, ಗಂಟೆ ಹೊಡೆಯುತ್ತದೆ. ಸಂಜೆಯದ್ದಕ್ಕೆ ಆಮೊರಿ ಗಂಟೆ ಅನ್ನುತ್ತೇವೆ. ಗಂಟೆ ಕೇಳಿದರೆ ಎಲ್ಲಿದ್ದೀರೋ ಅಲ್ಲೇ ನಿಂತು ಪ್ರಾರ್ಥನೆ ಮಾಡಬೇಕು. ಅಜ್ಜ ಹೂಡುತ್ತಿದ್ದವರು ನೇಗಿಲು ನಿಲ್ಲಿಸಿ, ತಲೆಯ ಮುಟ್ಟಾಳೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕೆಸರಿನಲ್ಲಿ ನಿಂತು ಜಪ ಮುಗಿಸುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಎತ್ತುಗಳು ಗಂಟೆ ಕೇಳಿದ ಕೂಡಲೇ ತಾವೇ ನಿಲ್ಲುವುದನ್ನು ಕಲಿತವು. ಜಪ ಮುಗಿದರೂ ಹೊರಡಲು ಅವಸರ ಮಾಡುತ್ತಿರಲಿಲ್ಲ. “ನಮ್ಮ ಮನೆಯಲ್ಲಿ ಭಕ್ತಿ ಜಾಸ್ತಿ ಇದ್ದದ್ದು ಕಾಳನಿಗೆ” ಅಂತ ಅಜ್ಜ ಹೇಳುತ್ತಿದ್ದರಂತೆ. ಮಾರಿದ ಮೇಲೆ ಕೊಂಡವನು ಬಂದು ಜಗಳ ಮಾಡಿದ್ದನ್ನೂ ದೊಡ್ಡತ್ತೆ ಸೇರಿಸುತ್ತಾರೆ: ಎತ್ತುಗಳು ಮಧ್ಯಾಹ್ನ ನಡುಗದ್ದೆಯಲ್ಲಿ ನಿಲ್ಲುತ್ತವೆ, ಏನು ರೋಗ ಅಂತ. ಇದನ್ನು ನಾನು ಪೂರ್ತಿ ನಂಬುವುದಿಲ್ಲ.

ವಾಷರನ್ನು ತೆಂಗಿನೆಣ್ಣೆಯಲ್ಲಿ ಮುಳುಗಿಸಿ ಎರಡು ದಿನ ಇಟ್ಟೆ. ನೆನೆದ ಮೇಲೆ ಬೆರಳಿನಿಂದ ಅಂಚು ಅಗಲಿಸಿ ನೋಡಿದರೆ ಬಿರುಕೇ ಇಲ್ಲ. ಹೊಸದನ್ನು ಡಬ್ಬಿಯಲ್ಲಿಟ್ಟು ಅದನ್ನೇ ಹಾಕಿದೆ. ಒತ್ತಿದಾಗ ಕೈಗೆ ಗಾಳಿ ಸಿಕ್ಕಿತು. ಬೊಳ್ಳನ ಚರ್ಮ ಇನ್ನೂ ಗಟ್ಟಿ.

ಆದರೆ ಇನ್ನೊಂದು ಕಿರಿಕಿರಿ. ನಾಲ್ಕೈದು ಸಲ ಒತ್ತಿ ಬಿಟ್ಟರೆ ಪಂಪಿನ ಹಿಡಿ ತಾನಾಗಿಯೇ ಮೇಲೆ ಬರುತ್ತಿತ್ತು. ಅಂದರೆ ಪಂಪಿನ ತುದಿಯ ವಾಲ್ವ್ ಸೋರುತ್ತಿದೆ, ಟ್ಯಾಂಕಿನ ಗಾಳಿ ವಾಪಸ್ ನುಗ್ಗುತ್ತಿದೆ ಅಂತ. ವಾಲ್ವಿನಲ್ಲಿ ಒಂದು ಸಣ್ಣ ಸ್ಪ್ರಿಂಗು, ಅದರ ತಲೆಗೆ ಕಡಲೆಬೇಳೆಯಷ್ಟು ರಬ್ಬರು. ರಬ್ಬರು ಕಲ್ಲಾಗಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಒಂದು ಬಿಲ್ಲೆ ಮಾಡಿ ಹಾಕಿದೆ. ಸಂಜೆ ಚೆನ್ನಾಗಿತ್ತು. ಮುಂದಿನ ವಾರ ಬಂದು ನೋಡಿದರೆ ಅದು ಚಿಮಿಣಿ ಎಣ್ಣೆ ಕುಡಿದು ಉಬ್ಬಿ ಅಣಬೆಯಂತಾಗಿ ದಾರಿಯನ್ನೇ ಮುಚ್ಚಿತ್ತು. ಟ್ಯೂಬಿನ ರಬ್ಬರಿಗೂ ಎಣ್ಣೆಗೂ ಆಗಿಬರುವುದಿಲ್ಲ. ಬೈಕ್ ಸ್ಪೇರ್ ಅಂಗಡಿಯಿಂದ ನೈಟ್ರೈಲ್ ರಬ್ಬರಿನ ಹಾಳೆಯ ತುಂಡು ತಂದು ಕತ್ತರಿಸಿ ಕೂರಿಸಿದೆ. ಅದು ನಿಂತಿತು. ಒಂದು ವಾರ ಸುಮ್ನೆ ಹಾಳು.

ಮುಚ್ಚಳದಲ್ಲಿರುವ, ಗಾಳಿಯ ಒತ್ತಡ ತೋರಿಸುವ ಗೇಜಿನ ಮರೆ ಬಿಚ್ಚಿದಾಗ ನೂಲು ಸುತ್ತಿದ್ದರು, ಅದರ ಮೇಲೆ ಹಳದಿ ಏನೋ ಮೆತ್ತಿದ್ದರು. ಗೀರಿ ನೀರಿಗೆ ಹಾಕಿದರೆ ನೊರೆ. ಬಟ್ಟೆ ಸೋಪು. ಸೋಪು ಚಿಮಿಣಿ ಎಣ್ಣೆಯಲ್ಲಿ ಕರಗುವುದಿಲ್ಲ, ಅದಕ್ಕೇ ಹಳಬರು ಹೀಗೆ ಮಾಡುತ್ತಿದ್ದದ್ದು. ನನ್ನ ಹತ್ತಿರ ಟೆಫ್ಲಾನ್ ಟೇಪ್ ಇತ್ತು, ಅದನ್ನು ಸುತ್ತಿದೆ. ಗೇಜಿನ ಮುಳ್ಳು ಮಾತ್ರ ಏನು ಮಾಡಿದರೂ ಅಲುಗಲಿಲ್ಲ. ಅಜ್ಜನ ಕಾಲದಲ್ಲೂ ಅಲುಗುತ್ತಿರಲಿಲ್ಲವಂತೆ. ಅವರು ಪಂಪು ಒತ್ತುವಾಗ ‘ನಮೋ ಮರಿಯೆ’ ಜಪ ಲೆಕ್ಕ ಇಡುತ್ತಿದ್ದರು. ಒಂದು ಜಪಕ್ಕೆ ನಾಲ್ಕು ಒತ್ತು, ಹತ್ತು ಜಪಕ್ಕೆ ಸಾಕು. ಗೇಜನ್ನು ಹಾಗೇ ಬಿಟ್ಟೆ.

ಕೊಳವೆ, ನಿಪ್ಪಲ್

ಬೇಗ ಮುಗಿಸುತ್ತೇನೆ. ಕೊಳವೆಯೊಳಗೆ ಕರಿ ಕಟ್ಟಿತ್ತು. ಫ್ರಿಜ್ ರಿಪೇರಿಯವನ ಹತ್ತಿರ ಒಯ್ದು ಬ್ಲೋಟಾರ್ಚಿನಲ್ಲಿ ಮಂಕು ಕೆಂಪಾಗುವವರೆಗೆ ಕಾಯಿಸಿ, ತಣಿದ ಮೇಲೆ ತಟ್ಟಿದರೆ ಕರಿ ಪುಡಿಯಾಗಿ ಉದುರಿತು. ಕಿಲುಬು ಹಿಡಿದ ಚಿಕ್ಕ ಭಾಗಗಳಿಗೆ ದೊಡ್ಡತ್ತೆಯ ಶಿರ್ಕ (ವಿನೆಗರ್) ಬಳಸಿದೆ, ಹಂದಿ ಮಾಂಸಕ್ಕೆ ಹಾಕುವ ತೆಂಗಿನ ಕಳ್ಳಿನ ಶಿರ್ಕ. ಅರ್ಧ ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಹಿತ್ತಾಳೆಯ ಸತು ತಿಂದು ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಿಪ್ಪಲಿನ, ಅಂದರೆ ಆವಿ ಚಿಮ್ಮುವ ಮೂತಿಯ, ತೂತನ್ನು ದಪ್ಪ ಸೂಜಿಯಿಂದ ಚುಚ್ಚಿ ದೊಡ್ಡದು ಮಾಡಬೇಡಿ, ಅದರೊಳಗೇ ಇರುವ ಪಿನ್ನು ಸಾಕು. ಗಾಜು ಹಳೇ ಸಾಮಾನು ಮಾರುವವರ ಹತ್ತಿರ ಸಿಕ್ಕಿತು.

ಎಣ್ಣೆ ಸಿಗುವುದೇ ಕಷ್ಟವಾಯ್ತು. ರೇಷನ್ ಅಂಗಡಿಯಲ್ಲಿ ಕ್ಯೂ ನಿಂತು ನೀಲಿ ಬಣ್ಣದ ಚಿಮಿಣಿ ಎಣ್ಣೆ ತರುವ ಕಾಲ ಹೋಯ್ತು. ನೆರೆಮನೆಯವರ ಹಳೇ ಕ್ಯಾನಿನಲ್ಲಿ ಎರಡು ಲೀಟರ್ ಉಳಿದಿತ್ತು. ಬಟ್ಟೆಯಲ್ಲಿ ಸೋಸಿ, ಬಾಟಲಿಯಲ್ಲಿ ಒಂದು ದಿನ ಇಟ್ಟು, ತಳದ ನೀರು ಬಿಟ್ಟು ಮೇಲಿನದ್ದು ತೆಗೆದೆ. ಇದು ಸಿಗಲಿಲ್ಲ ಅಂತ ಪೆಟ್ರೋಲ್ ಮಾತ್ರ ಹಾಕಬೇಡಿ. ದೀಪ ಅಲ್ಲ, ಬಾಂಬು ಆಗುತ್ತದೆ.

ಎಣ್ಣೆ ಕೊಟ್ಟ ನೆರೆಮನೆಯ ಯಜಮಾನರಿಗೆ ಎಂಬತ್ತು ದಾಟಿದೆ. ಕ್ಯಾನ್ ಕೊಡುತ್ತಾ ತುಳುವಿನಲ್ಲಿ ಹೇಳಿದರು, “ಪೊರ್ಬುಲೆ, ಗ್ಯಾಸ್‌ಲೈಟ್ ಕೊರ್ಪರಾ?” ಪೊರ್ಬುಗಳೇ, ಗ್ಯಾಸ್‌ಲೈಟ್ ಕೊಡ್ತೀರಾ? ಇದು ನನಗೆ ಹೇಳಿದ್ದಲ್ಲ. ಐವತ್ತು ವರ್ಷದ ಹಿಂದೆ ನಮ್ಮ ಅಂಗಳದಲ್ಲಿ ನಿಂತು ಕೇಳುತ್ತಿದ್ದದ್ದನ್ನು ಹಾಗೇ ಹೇಳಿ ತೋರಿಸಿದ್ದು. ಕ್ರಿಶ್ಚಿಯನ್ನರಿಗೆ ತುಳುವರು ಹೇಳುವುದು ಪೊರ್ಬುಲು ಅಂತ.

ಈ ದೀಪ ನಮ್ಮ ಮನೆಯಲ್ಲಿ ಉರಿದದ್ದಕ್ಕಿಂತ ಹೊರಗೆ ಉರಿದದ್ದೇ ಜಾಸ್ತಿ. ಮದುವೆಗೆ, ಹರಕೆಯ ಯಕ್ಷಗಾನಕ್ಕೆ, ತಪ್ಪಿಸಿಕೊಂಡ ದನ ಹುಡುಕಲು, ಕೋಲಕ್ಕೆ. ಅಜ್ಜ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಶರತ್ತು ಒಂದೇ, ಟ್ಯಾಂಕ್ ತುಂಬಿಸಿ ವಾಪಸ್ ತರಬೇಕು. ಭೂತದ ಕೋಲಕ್ಕೆ ದೀಪ ಕೊಡುವುದು ಇಗರ್ಜಿಯ ಕೆಲವರಿಗೆ ಸರಿಕಾಣಲಿಲ್ಲ. ಒಬ್ಬರು ಭಾನುವಾರ ಪೂಜೆ ಬಿಟ್ಟ ಮೇಲೆ ಎಲ್ಲರೆದುರು ಕೇಳಿಯೇ ಬಿಟ್ಟರು. ಅಜ್ಜ ಹೇಳಿದ್ದು: “ಜ್ಞಾನಸ್ನಾನ ನನಗೆ ಆಗಿದೆ, ಗ್ಯಾಸ್‌ಲೈಟಿಗೆ ಆಗಿಲ್ಲ.” ನೆರೆಯವರು ಈ ಮಾತನ್ನು ಇವತ್ತಿಗೂ ಹೇಳಿ ನಗುತ್ತಾರೆ. ಆದರೆ ಅಜ್ಜ ತಾವಾಗಿ ಕೋಲ ನೋಡಲು ಹೋದವರಲ್ಲ. ದೀಪ ಕಳಿಸಿ, ಮನೆಯಲ್ಲಿ ತೇರ್ಸ್ (ಜಪಸರದ ಪ್ರಾರ್ಥನೆ) ಮಾಡಿ, ಗಂಜಿ ಕುಡಿದು ಮಲಗುತ್ತಿದ್ದರು.

ಮ್ಯಾಂಟಲ್

ನನ್ನ ಮಾನ ಹೋದದ್ದು ಇಲ್ಲಿ.

ಮ್ಯಾಂಟಲ್ ಅಂದರೆ ಬಲೆಯಂಥ ಬಟ್ಟೆಯ ಚೀಲ. ಮಣ್ಣಿನ ಮೂತಿಗೆ ಅದನ್ನು ದಾರದಿಂದ ಕಟ್ಟಿ ಒಮ್ಮೆ ಸುಟ್ಟರೆ ಬಟ್ಟೆ ಹೋಗುತ್ತದೆ, ಲೋಹದ ಬೂದಿಯ ಗೂಡು ಉಳಿಯುತ್ತದೆ. ಬೆಳಗುವುದು ಆ ಬೂದಿ. ಆಸ್ಟ್ರಿಯಾದ ಕಾರ್ಲ್ ಔವರ್ ಇದನ್ನು ಕಂಡುಹಿಡಿದದ್ದು 1885ರಲ್ಲಿ. ಆಮೇಲೆ ಅವನಿಗೆ ಕೂಡಿಬಂದ ಪಾಕ 99 ಪಾಲು ಥೋರಿಯಂ, 1 ಪಾಲು ಸೀರಿಯಂ. ಥೋರಿಯಂಗೆ ಜಗತ್ತೆಲ್ಲ ಹುಡುಕಾಟ. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ, ತೆಂಗಿನ ನಾರಿಗೆ ಅಂಟಿಕೊಂಡು ಬಂದ ಮರಳಿನ ಜಾಡು ಹಿಡಿದು ತಿರುವಾಂಕೂರಿನ ಮಣವಾಳಕುರಿಚಿ ಕಡಲತೀರಕ್ಕೆ ಬಂದ. ನಮ್ಮ ದಕ್ಷಿಣದ ಕಡಲ ಮರಳು ಅಲ್ಲಿಂದ ಯುರೋಪಿನ ಬೀದಿಗಳನ್ನು ಬೆಳಗಿತು. ಅಂದಹಾಗೆ ಹಳೇ ಮ್ಯಾಂಟಲಿಗೆ ಸ್ವಲ್ಪ ವಿಕಿರಣ ಇರುತ್ತದೆ. ಪುಡಿಯಾದರೆ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಕೈ ತೊಳೆಯಿರಿ.

ಹೊಸ ಮ್ಯಾಂಟಲ್ ಐದು ತಂದಿದ್ದೆ. ಮೊದಲನೆಯದ್ದು ಕಟ್ಟುವಾಗಲೇ ಹರಿಯಿತು. ಎರಡನೆಯದ್ದರಲ್ಲಿ ನೆರಿಗೆ ಒಂದು ಕಡೆ ಗುಂಪಾಗಿ, ಸುಟ್ಟ ಕೂಡಲೇ ಓರೆಯಾಗಿ ತೂತು ಬಿತ್ತು. ಮೂರನೆಯದ್ದನ್ನು ದೊಡ್ಡತ್ತೆ ಕೈಯಿಂದ ಕಸಿದುಕೊಂಡರು.

ದೊಡ್ಡತ್ತೆ ಜೀವನವಿಡೀ ಮಲ್ಲಿಗೆ ಕಟ್ಟಿದವರು. ಶಂಕರಪುರ ಮಲ್ಲಿಗೆ. ಗೇಣಿ ಜಾಗ ಸ್ವಂತವಾದ ಮೇಲೆ ಅಜ್ಜ ಮನೆಯ ಪಕ್ಕದ ಬೆಟ್ಟು ಜಾಗದಲ್ಲಿ ಐವತ್ತು ಗಿಡ ಹಾಕಿದರು. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ಯಬೇಕು, ಬಾಳೆ ನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ದಿನದ ರೇಟು ಕಟ್ಟೆಯಲ್ಲಿ ಗೊತ್ತಾಗುವ ಹೊತ್ತಿಗೆ ಹೂ ಸಿದ್ಧ ಇರಬೇಕು. ಈ ಲೆಕ್ಕದಲ್ಲಿ ದಿನಕ್ಕೆ ಒಂದು ಅಟ್ಟೆ ಕಟ್ಟಿದರೂ 3,200 ಹೂ. ನೋಡದೆ, ಮಾತಾಡುತ್ತಾ, ಕೆಲವೊಮ್ಮೆ ತೂಕಡಿಸುತ್ತಾ ಕಟ್ಟುತ್ತಾರೆ.

ಮಣ್ಣಿನ ಮೂತಿಯನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದರು. ಮ್ಯಾಂಟಲಿನ ಬಾಯನ್ನು ಉಗುರಿನ ತುದಿಯಿಂದ ಸುತ್ತಲೂ ಚಿಕ್ಕ ಚಿಕ್ಕ ನೆರಿಗೆ ಹಿಡಿಯುತ್ತಾ ಬಂದರು. ಬೆರಳು ನಿಲ್ಲುವುದೇ ಇಲ್ಲ. ದಾರವನ್ನು ಎರಡು ಸುತ್ತು ಸುತ್ತಿ, ಹೂವಿಗೆ ಹಾಕುವ ಅದೇ ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಡಿಯಲು ಹೋದರು. ಥೋರಿಯಂ ಅಂತ ಕಿರುಚಿ ಕತ್ತರಿ ಕೊಟ್ಟೆ. “ನಿನ್ನ ಅಜ್ಜನ ಮ್ಯಾಂಟಲ್ ಕಟ್ಟಿದ್ದೂ ನಾನೇ. ಅವರ ಬೆರಳು ಇಷ್ಟು ದಪ್ಪ” ಅಂತ ಪಂಪಿನ ಹಿಡಿ ತೋರಿಸಿದರು.

ಉರಿಸಿದ್ದು

ಡಿಸೆಂಬರಿನ ಮೂರನೇ ಭಾನುವಾರ ಮೊದಲ ಪ್ರಯತ್ನ. ಕೊಳವೆಯ ಬುಡದಲ್ಲಿ ಒಂದು ಪುಟ್ಟ ಬಟ್ಟಲಿದೆ. ಅದರಲ್ಲಿ ಸ್ಪಿರಿಟ್ ಉರಿಸಿ ಮೊದಲು ಕೊಳವೆ ಕಾಯಿಸಬೇಕು. ಸ್ಪಿರಿಟ್ ಮುಗಿದಿತ್ತು. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಕಂಡಿತು. ಅದೂ ಆಲ್ಕೋಹಾಲೇ ಅಲ್ವಾ ಅಂತ ಸುರಿದೆ. ಅದರಲ್ಲಿ ನೀರೂ ಸೇರಿರುತ್ತದೆ, ಉರಿ ಇದೆಯೋ ಇಲ್ಲವೋ ಅನ್ನುವ ಹಾಗೆ. ಕೊಳವೆ ಕಾಯಲಿಲ್ಲ. ನಾನು ಪಂಪು ಒತ್ತಿದೆ. ಎಣ್ಣೆ ಆವಿಯಾಗದೆ ಹಸಿಹಸಿಯಾಗಿ ಬಂದು ಹಳದಿ ಜ್ವಾಲೆ ಟೊಪ್ಪಿಯ ಮೇಲೆ ಒಂದಡಿ ಎದ್ದಿತು. ಟ್ಯಾಂಕಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ ಅಂಗಳಕ್ಕೆ ಹಾರಿದೆ. ದೊಡ್ಡತ್ತೆ ಕಟ್ಟಿದ ಮ್ಯಾಂಟಲ್ ಮಸಿಯಾಗಿ ಉದುರಿತು. ಹುಬ್ಬು ಸ್ವಲ್ಪ ಸುಟ್ಟಿತು, ಹೇಳಿಕೊಳ್ಳುವಷ್ಟಿಲ್ಲ.

24ರ ಸಂಜೆ ಸರಿಯಾದ ಸ್ಪಿರಿಟ್ ತಂದೆ. ಜಗಲಿಯಲ್ಲಲ್ಲ, ಅಂಗಳದಲ್ಲಿ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಟ್ಯಾಂಕಿಗೆ ಮುಕ್ಕಾಲು ಎಣ್ಣೆ. ಮುಕ್ಕಾಲೇ, ಪೂರ್ತಿ ತುಂಬಿದರೆ ಗಾಳಿಗೆ ಜಾಗ ಇರುವುದಿಲ್ಲ. ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿದೆ. ಒಂದು ಸಲ ಉರಿದು ಆರಿತು. ತಣಿಯಲು ಬಿಡದೆ ಕಡ್ಡಿ ದೂರವಿಟ್ಟು ಇನ್ನೊಂದು ಬಟ್ಟಲು ತುಂಬಿಸಿ ಹಚ್ಚಿದೆ. ಅದು ಮುಗಿಯುವ ಮೊದಲು ಸ್ಕ್ರೂ ಬಿಗಿದು ಒತ್ತಲು ಶುರು ಮಾಡಿದೆ. ಗೇಜು ಸತ್ತಿದೆ, ಹಾಗಾಗಿ ಜಪದ ಲೆಕ್ಕ. ಮೂರನೇ ಜಪಕ್ಕೆ ‘ಪಫ್’ ಅಂತ ಸದ್ದಾಗಿ ನೀಲಿ ಬೆಳಕು. ಐದಕ್ಕೆ ಬಿಳಿ. ಹತ್ತು ಮುಗಿಯುವಾಗ ಅಂಗಳದ ಆಚೆ ತೆಂಗಿನ ಬುಡದಲ್ಲಿ ಮಲಗಿದ್ದ ನಾಯಿಯ ಕಿವಿಯ ಕೂದಲೂ ಕಾಣುತ್ತಿತ್ತು.

ಮತ್ತೆ ಆ ಸದ್ದು. ‘ಸ್ಸ್ಸ್’ ಅಂತ ಒಂದೇ ಸಮನೆ. ಅದನ್ನು ನಾನು ಮರೆತೇಬಿಟ್ಟಿದ್ದೆ. ಹಬ್ಬದ ಹಿಂದಿನ ರಾತ್ರಿಗಳಲ್ಲಿ ತೇರ್ಸ್ ನಡೆಯುತ್ತಿದ್ದದ್ದು ಈ ಸದ್ದಿನ ಕೆಳಗೆ. ಅಜ್ಜ ಮುಂದೆ ಮೊಣಕಾಲೂರಿ, ಹಿಂದೆ ನಾವೆಲ್ಲ. ಜಪಸರ ಮುಗಿದ ಮೇಲೆ ಮಕ್ಕಳೆಲ್ಲ ಸಾಲಾಗಿ ಹೋಗಿ ಹಿರಿಯರ ಹತ್ತಿರ ಬೆಸಾಂವ್ ಕೇಳಬೇಕು, ಆಶೀರ್ವಾದ. ಅಜ್ಜನ ಕೈ ತಲೆಯ ಮೇಲೆ ಬೀಳುವಾಗ ಹೆಂಚು ಬಿದ್ದ ಹಾಗಿರುತ್ತಿತ್ತು. ಕೊನೆಯ ಮಗುವಿಗೆ ಬೆಸಾಂವ್ ಕೊಟ್ಟ ಕೂಡಲೇ ಎದ್ದು ಗಾಳಿ ಬಿಡುತ್ತಿದ್ದರು. ಊಟಕ್ಕೆ ಚಿಮಿಣಿ ದೀಪ ಸಾಕು, ಗ್ಯಾಸ್‌ಲೈಟಿನ ಎಣ್ಣೆ ನಡುರಾತ್ರಿಯ ಪೂಜೆಗೆ ಹೋಗುವ ದಾರಿಗೆ ಬೇಕು. ಸದ್ದು ನಿಂತಿತು ಅಂದರೆ ತೇರ್ಸ್ ಮುಗಿಯಿತು, ಊಟ ಅಂತ ಲೆಕ್ಕ.

ದೀಪ ಒಳಗೆ ತಂದು ಚಾವಡಿಯ ಕೊಕ್ಕೆಗೆ ತೂಗುಹಾಕಿದೆ. ಕೊಕ್ಕೆ ಅಲ್ಲೇ ಇತ್ತು, ಮೇಲಿನ ಹೆಂಚಿನ ಅಡಿ ಸುಟ್ಟು ಕಪ್ಪಾದ ಜಾಗವೂ ಇತ್ತು. ದೊಡ್ಡತ್ತೆ ಬೆಂಚಿನ ಮೇಲೆ ಕೂತು ನೋಡುತ್ತಾ ನೋಡುತ್ತಾ ಗೋಡೆಗೆ ಒರಗಿದರು. ಹತ್ತು ನಿಮಿಷಕ್ಕೆ ಕಣ್ಣು ಮುಚ್ಚಿತು. ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಯ, ತಟ್ಟೆ ಮಡಿಲಲ್ಲೇ ಇತ್ತು. ಬೆಳಕು ಸ್ವಲ್ಪ ಮಿಣುಕಿದಂತೆ ಕಂಡು, ನಿಪ್ಪಲಿನಲ್ಲಿ ಕಸ ಇರಬಹುದು, ಆರಿಸಿ ನೋಡೋಣ ಅಂತ ಗಾಳಿಯ ಸ್ಕ್ರೂ ಸಡಿಲಿಸಿದೆ. ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು.

ದೊಡ್ಡತ್ತೆ ತಟ್ಟನೆ ಎದ್ದು ಕೂತರು. ಕತ್ತಲಲ್ಲಿ ಕೈ ಹಣೆಗೆ ಹೋದದ್ದು ಕಂಡಿತು.

“ತೇರ್ಸ್ ಮುಗಿಯಿತಾ?”

“ಇಲ್ಲ ದೊಡ್ಡತ್ತೆ, ಶುರುವೇ ಮಾಡಿಲ್ಲ.”

“ಮತ್ತೆ ಗಾಳಿ ಯಾಕೆ ಬಿಟ್ಟೆ? ಹಾಕು ಹಾಕು” ಅಂದರು. ಸ್ಪಿರಿಟ್ ಬಾಟಲಿ ಹುಡುಕಲು ಅಂಗಳಕ್ಕೆ ಹೋದೆ.